ಮುದ್ದೆಯನ್ನು ಯಾರೂ ಅಗಿಯುವುದಿಲ್ಲ

ಆ ಫಾರ್ಮಿನಲ್ಲಿ ಹತ್ತು ಪ್ರಶ್ನೆಗಳಿದ್ದವು. ಪ್ರತಿಯೊಂದರ ಮುಂದೆ ಸೊನ್ನೆಯಿಂದ ನಾಲ್ಕರವರೆಗೆ ಅಂಕಿಗಳು. ತೊಂದರೆಯೇ ಇಲ್ಲದಿದ್ದರೆ ಸೊನ್ನೆ, ವಿಪರೀತವಿದ್ದರೆ ನಾಲ್ಕು. ‘ಗಟ್ಟಿ ಆಹಾರವನ್ನು ನುಂಗಲು ಕಷ್ಟವಾಗುತ್ತದೆಯೇ?’ ಎಂಬ ಪ್ರಶ್ನೆ ನಡುವೆ ಎಲ್ಲೋ ಇತ್ತು. ನಾನು ಸೊನ್ನೆಗೆ ಸುತ್ತು ಹಾಕಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಮುನಿರಾಜು, ಫಾರ್ಮ್ ತೆಗೆದುಕೊಳ್ಳಲು ಬಂದ ನರ್ಸಮ್ಮನಿಗೆ, ಕೇಳದಿದ್ದರೂ, ರಾತ್ರಿ ಎರಡು ಮುದ್ದೆ ನುಂಗ್ತಾಳೆ ಎಂದು ಹೆಮ್ಮೆಯಿಂದ ಹೇಳಿದರು. ನರ್ಸಮ್ಮ ನಕ್ಕು ಫಾರ್ಮನ್ನು ಫೈಲಿಗೆ ಸೇರಿಸಿದರು. ನುಂಗುವ ಪರೀಕ್ಷೆ ನನಗೆ ಸದ್ಯಕ್ಕೆ ಬೇಡವೆಂದು ತೀರ್ಮಾನವಾಯಿತು. ಆ ಸೊನ್ನೆಯಿಂದ ಎಂಟು ತಿಂಗಳು ಹೋದವು.

ಅಂಥದೇ ಫಾರ್ಮು ಕೈಯಲ್ಲಿ ಹಿಡಿದು ಕೂತಿರುವ ಯಾರಿಗಾದರೂ ಇದು ಸಿಗಲಿ ಎಂದು ಬರೆಯುತ್ತಿದ್ದೇನೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಯಲಹಂಕದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬರೆದಿಟ್ಟದ್ದೆಲ್ಲ ನಿಜವಲ್ಲ ಎಂದು ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುವವಳು ನಾನೇ. ಇಪ್ಪತ್ತು ವರ್ಷದಿಂದ ದಿನಚರಿ ಬರೆಯುತ್ತೇನೆ. ಆ ದಿನದ ಪುಟ ತೆಗೆದು ನೋಡಿದರೆ ಇರುವುದು ಇಷ್ಟು: ‘ಫಾರ್ಮ್ ತುಂಬಿದೆ. ನುಂಗಲು ತೊಂದರೆ ಇಲ್ಲ. ವಾಪಸ್ ಬರುವಾಗ ಗೊರಗುಂಟೆಪಾಳ್ಯದಲ್ಲಿ ಒಂದು ಗಂಟೆ ಟ್ರಾಫಿಕ್.’ ಟ್ರಾಫಿಕ್ಕಿನ ಮಾತು ನಿಜವಿರಬೇಕು.

ಕಾಯಿಲೆ ಮೊದಲು ಬಂದದ್ದು ಬೆರಳುಗಳಿಗೆ. ಒಂದು ಚಳಿಗಾಲದ ಬೆಳಿಗ್ಗೆ ಮೊದಲ ಪೀರಿಯಡ್ ಮುಗಿಸಿ ಹೊರಬಂದಾಗ ಎರಡು ಬೆರಳು ಬೆಳ್ಳಗಾಗಿದ್ದವು. ಚಾಕ್‌ಪುಡಿ ಎಂದು ನಲ್ಲಿಯ ಕೆಳಗೆ ಹಿಡಿದೆ. ತಣ್ಣೀರಿಗೆ ಉಳಿದವೂ ಬೆಳ್ಳಗಾದವು, ಆಮೇಲೆ ನೀಲಿಗೆ ತಿರುಗಿದವು. ಕೆಲವು ತಿಂಗಳಲ್ಲಿ ಮದುವೆಯ ಉಂಗುರ ಬಿಚ್ಚಲು ಬಾರದಾಯಿತು. ಕೈಯ ಚರ್ಮ ಹೊಳೆಯತೊಡಗಿತು, ಚಿವುಟಿದರೆ ಹಿಡಿಗೆ ಸಿಗುತ್ತಿರಲಿಲ್ಲ. ಮೂರು ಡಾಕ್ಟರು, ಎರಡು ಬಗೆಯ ಮುಲಾಮು, ಒಂದು ಹರಕೆ ಆದಮೇಲೆ ಹೆಬ್ಬಾಳದ ಕಡೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಹೆಸರು ಸಿಕ್ಕಿತು: ಸಿಸ್ಟಮಿಕ್ ಸ್ಕ್ಲೆರೋಸಿಸ್. ಅಪರೂಪದ್ದು, ಚರ್ಮವನ್ನಷ್ಟೇ ಅಲ್ಲ ಒಳಗಿನ ಅಂಗಗಳನ್ನೂ ಬಿಗಿಯುವಂಥದ್ದು, ಪೂರ್ತಿ ಹೋಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದರು ಡಾಕ್ಟರು. ಮುನಿರಾಜು ಶೆಟ್ಟಿಹಳ್ಳಿಯಲ್ಲಿ ಪೈಪು, ನಲ್ಲಿ, ಮೋಟರು ಮಾರುವ ಅಂಗಡಿ ಇಟ್ಟಿದ್ದಾರೆ. ಆ ಹೆಸರು ಅವರ ನಾಲಗೆಗೆ ಹೊಂದಲಿಲ್ಲ. ಫೋನಿನಲ್ಲಿ ತಮ್ಮನಿಗೆ, ‘ಅದೇನೋ ಸ್ಕ್ರೂ ಟೈಟ್ ಆಗೋ ಕಾಯಿಲೆ ಕಣೋ, ಬಿಚ್ಚಕ್ಕೆ ಸ್ಪ್ಯಾನರ್ ಇಲ್ವಂತೆ,’ ಎಂದರು. ನಾನು ನಕ್ಕೆನೆಂದು ದಿನಚರಿ ಹೇಳುತ್ತದೆ. ನಕ್ಕದ್ದು ನೆನಪಿಲ್ಲ. ಅದಕ್ಕಿಂತ ಸರಿಯಾದ ವಿವರಣೆ ಮಾತ್ರ ಇವತ್ತಿಗೂ ಯಾರೂ ಕೊಟ್ಟಿಲ್ಲ. ಒಂದು ಅಳತೆ ಚಿಕ್ಕದಾದ ರವಿಕೆಯನ್ನು ಹಾಕಿಕೊಂಡು, ಹುಕ್ಕುಗಳು ಬೆನ್ನ ಹಿಂದಿದ್ದು, ಬಿಚ್ಚುವವರು ಮನೆಯಲ್ಲಿ ಯಾರೂ ಇಲ್ಲದ ಹಾಗೆ. ಅದೇ ನನ್ನ ಮೈ.

ಆ ಆಸ್ಪತ್ರೆಯ ಎರಡನೇ ಮಹಡಿಯ ಕುರ್ಚಿಗಳು ಒಂದಕ್ಕೊಂದು ಜೋಡಿಸಿದ ಕಬ್ಬಿಣದವು. ಒಬ್ಬರು ಎದ್ದರೆ ಸಾಲೆಲ್ಲ ಅಲ್ಲಾಡುತ್ತದೆ. ಅಲ್ಲಿ ಕೈಗವಸು ಹಾಕಿಕೊಂಡ ಹೆಂಗಸರನ್ನು ನೋಡಿದಾಗ ಮೊದಲು ಭಯವಾಯಿತು, ನಾನು ಮುಂದೆ ಹೀಗಾಗುತ್ತೇನೆ ಎಂದು. ಆರ್‌ಟಿ ನಗರದ ಒಬ್ಬ ಹಿರಿಯ ಹೆಂಗಸು ನನ್ನ ಬರಿಗೈ ನೋಡಿ, ತಮ್ಮ ಚೀಲದಿಂದ ಇನ್ನೊಂದು ಜೊತೆ ಉಣ್ಣೆಯ ಕೈಗವಸು ತೆಗೆದು ಕೊಟ್ಟರು. ಏಸಿ ಇಲ್ಲಿ ಜಾಸ್ತಿ, ಇಟ್ಕೊಳ್ಳಿ, ನನ್ನ ಹತ್ರ ಇನ್ನೂ ಇದೆ ಎಂದರು. ಅವರ ಬಾಯಿ ತುಂಬ ಚಿಕ್ಕದಾಗಿತ್ತು, ತುಟಿಯ ಸುತ್ತ ನೆರಿಗೆ ಹಿಡಿದಿದ್ದವು. ಕೊನೆಯಲ್ಲಿ, ‘ಊಟದ ವಿಷಯದಲ್ಲಿ ಸುಳ್ ಹೇಳ್ಬೇಡಿ ಮೇಡಂ,’ ಎಂದರು. ಅಷ್ಟರಲ್ಲಿ ಅವರ ಹೆಸರು ಕೂಗಿದರು. ಆ ಮಾತನ್ನು ಅವರು ಹೇಳಿದ್ದು ನಾನು ಫಾರ್ಮ್ ತುಂಬುವ ಮೊದಲೋ ಆಮೇಲೋ? ಮೊದಲಾದರೆ ನನ್ನ ತಪ್ಪು ದೊಡ್ಡದು. ದಿನಚರಿಯಲ್ಲಿ ಕೈಗವಸಿನ ಮಾತಿದೆ, ಈ ಮಾತಿಲ್ಲ.

ಈಗ ‘ನುಂಗು’ ಎಂಬ ಮಾತಿಗೆ ಬರುತ್ತೇನೆ. ಅಬ್ಬಿಗೆರೆಯಲ್ಲಿ ನಮ್ಮ ಮನೆ ಈಗ ಮೂರು ಅಂತಸ್ತಾಗಿದೆ, ಮೇಲಿನೆರಡರಲ್ಲಿ ಬಾಡಿಗೆಯವರಿದ್ದಾರೆ. ಆದರೆ ರಾತ್ರಿಯ ಊಟ ಬದಲಾಗಿಲ್ಲ: ಮುದ್ದೆ, ಸೊಪ್ಪಿನ ಸಾರು ಇಲ್ಲವೆ ಹುರುಳಿ ಸಾರು. ನಮ್ಮಲ್ಲಿ ಅನ್ನ ತಿನ್ನುತ್ತಾರೆ, ಚಪಾತಿ ತಿನ್ನುತ್ತಾರೆ, ಮುದ್ದೆಯನ್ನು ನುಂಗುತ್ತಾರೆ. ಚಿಕ್ಕ ಮಕ್ಕಳು ಅಗಿಯಲು ಹೋದರೆ ಹಲ್ಲಿಗೆ ಅಂಟಿ ಪಜೀತಿಪಡುತ್ತವೆ. ಆಗ ಎಲ್ಲರೂ ನಕ್ಕು, ಮುರಿದು ಸಾರಿನಲ್ಲಿ ಹೊರಳಿಸಿ ಹಾಗೇ ಗುಳುಂ ಮಾಡಲು ಕಲಿಸುತ್ತಾರೆ. ಆ ಫಾರ್ಮಿನಲ್ಲಿ ‘ನುಂಗಲು ಕಷ್ಟವೇ’ ಎಂದು ಓದಿದಾಗ ನನ್ನ ಕಣ್ಣಿಗೆ ಬಂದದ್ದು ಮುದ್ದೆ. ಮುದ್ದೆ ಇಳಿಯುತ್ತಿತ್ತು. ಇಳಿಯದೆ ಇದ್ದದ್ದು ಬೇರೆಲ್ಲ.

ಹಾಗೆಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವಾಗಿ ಮಾತು ತಪ್ಪಾಗಿ ಅರ್ಥವಾಯಿತೋ, ಅಥವಾ ಅಡಗಿಕೊಳ್ಳಲು ಆ ಮಾತಿನೊಳಗೆ ಜಾಗ ಸಿಕ್ಕಿತೋ, ಗೊತ್ತಿಲ್ಲ.

ತಟ್ಟೆಯಿಂದ ಒಂದೊಂದೇ ಹೊರಟುಹೋದವು. ಮೊದಲು ಚಪಾತಿ, ಅದು ಎದೆಯ ನಡುವೆ ನಿಲ್ಲುತ್ತಿತ್ತು, ಮೇಲೂ ಬರದೆ ಕೆಳಗೂ ಹೋಗದೆ. ಆಮೇಲೆ ಸೇಬು, ಏಕೆಂದರೆ ಬಾಯಿ ಅಷ್ಟು ತೆರೆಯುತ್ತಿರಲಿಲ್ಲ. ಮೂರು ಬೆರಳು ಹಿಡಿಸುತ್ತಿದ್ದ ಬಾಯಿಗೆ ಒಂದೂವರೆ ಹಿಡಿಸತೊಡಗಿತು. ಆಮೇಲೆ ಒಣ ಪಲ್ಯ, ದೋಸೆಯ ಅಂಚು, ಕೊನೆಗೆ ಅನ್ನ. ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆಯುವುದನ್ನು ಬಿಟ್ಟೆ. ಡಯಟ್ ಎಂದೆ, ಸಣ್ಣಗಾಗಿದ್ದೀರಿ ಎಂದು ಎಲ್ಲರೂ ಮೆಚ್ಚಿದರು. ಮುದ್ದೆಗೆ ಮಾತ್ರ ದೊಡ್ಡ ಬಾಯಿ ಬೇಡ, ಹಲ್ಲು ಬೇಡ. ಮುರಿ, ಅದ್ದು, ಒಳಗೆ ತಳ್ಳು, ಹಿಂದೆಯೇ ಒಂದು ಗುಟುಕು ಸಾರು ಕುಡಿ. ಎರಡರ ಜಾಗದಲ್ಲಿ ಒಂದಾದರೂ, ಒಂದು ಅರ್ಧವಾದರೂ, ದಿನಚರಿಯಲ್ಲಿ ‘ಮುದ್ದೆ ಊಟ ಆಯಿತು’ ಎಂದೇ ಬರೆದೆ. ಸುಳ್ಳಲ್ಲ.

ನಂತರ ಕೆಮ್ಮು ಬಂತು. ಬೆಳಗಿನ ಜಾವ ಗಂಟಲಿಗೆ ಹುಳಿನೀರು ನುಗ್ಗಿ ಎಬ್ಬಿಸುತ್ತಿತ್ತು. ಸ್ಕ್ಯಾನಿನಲ್ಲಿ ಶ್ವಾಸಕೋಶದ ಬುಡದಲ್ಲಿ ಕಲೆ ಕಾಣಿಸಿತು. ಇದು ಕಾಯಿಲೆಯದೇ ಇರಬಹುದು, ಊಟ ದಾರಿ ತಪ್ಪಿ ಶ್ವಾಸನಾಳಕ್ಕೆ ಹೋಗುತ್ತಿರಬಹುದು, ನುಂಗುವುದನ್ನು ಎಕ್ಸ್‌ರೇಯಲ್ಲಿ ನೋಡಿಯೇ ಹೇಳಬೇಕು ಎಂದರು ಡಾಕ್ಟರು. ದಾರಿ ತಪ್ಪುತ್ತಿರುವುದು ನಿಜವಾದರೆ ಬಾಯಿಯಿಂದ ಊಟ ನಿಲ್ಲಿಸಿ ಟ್ಯೂಬಿನಲ್ಲಿ ಕೊಡಬೇಕಾಗಬಹುದು. ಎಷ್ಟು ದಿನ ಎಂದು ಕೇಳಿದೆ. ಅದನ್ನು ಈಗಲೇ ಹೇಳುವುದು ಕಷ್ಟ ಎಂದರು.

ಮನೆಯಲ್ಲಿ ಟ್ಯೂಬ್ ಎಂಬ ಮಾತನ್ನು ಯಾರೂ ಆಡಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಪೈಪ್ ಎನ್ನುತ್ತಾರೆ. ನನ್ನ ಮಾವನಿಗೆ ಲಕ್ವ ಹೊಡೆದು ಮಲಗಿದಾಗ ಮೂಗಿನಿಂದ ಪೈಪ್ ಇಳಿಸಿದ್ದರು. ನಲವತ್ತು ದಿನ ಅತ್ತೆ ಎರಡೆರಡು ಗಂಟೆಗೊಮ್ಮೆ ರಾಗಿ ಅಂಬಲಿಯನ್ನು ಬಟ್ಟೆಯಲ್ಲಿ ಶೋಧಿಸಿ ಸಿರಿಂಜಿನಲ್ಲಿ ಹುಯ್ದರು. ಪೈಪ್ ಹಾಕಿದ ಮೇಲೆ ಮಾವ ಮಾತಾಡಲಿಲ್ಲ, ಪೈಪ್ ತೆಗೆದದ್ದು ಅವರು ಹೋದಮೇಲೆ. ಇದೂ ನನ್ನ ನೆನಪು. ಮಾವ ಅದಕ್ಕೆ ಮೊದಲೇ ಮಾತು ಬಿಟ್ಟಿದ್ದರು ಎನ್ನುತ್ತಾರೆ ಮುನಿರಾಜು. ಆದರೆ ಮನೆಯ ಮಟ್ಟಿಗೆ ಪೈಪ್ ಎಂದರೆ ಹಿಂದಕ್ಕೆ ಬಾರದ ದಾರಿ. ಪರೀಕ್ಷೆಯ ದಿನಾಂಕ ಸಿಕ್ಕಿದ ಮೇಲೆ ಎರಡು ವಾರ ನಾನು ಕಾದದ್ದು ಆ ಒಂದು ಪ್ರಶ್ನೆಗೆ: ಇನ್ನು ಮುಂದೆ ಬಾಯಲ್ಲಿ ಉಣ್ಣುತ್ತೇನೆಯೇ, ಇಲ್ಲವೇ.

ನೀವು ದಿನವೂ ಉಣ್ಣುವುದನ್ನೇ ತನ್ನಿ ಎಂದು ಆಸ್ಪತ್ರೆಯವರು ಹೇಳಿದ್ದರು. ಅವತ್ತು ಅತ್ತೆ ಬೆಳಿಗ್ಗೆಯೇ ಒಂದು ಮುದ್ದೆ ಕಟ್ಟಿ, ಬಿಸಿ ಹೋಗದ ಡಬ್ಬಿಗೆ ಹಾಕಿ, ಸಾರನ್ನು ಬೇರೆ ಕೊಟ್ಟರು. ಕೈಗೆ ಕೊಡುವಾಗ ನನ್ನ ಮುಖ ನೋಡಲಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ಕಾರು ನಿಂತುಬಿಟ್ಟಿತು. ಮುಂದೆ ಬಸ್ಸು, ಹಿಂದೆ ಟ್ಯಾಂಕರು, ಎರಡೂ ಪಕ್ಕ ಗೋಡೆ. ತೊಡೆಯ ಮೇಲೆ ಡಬ್ಬಿ ಬೆಚ್ಚಗಿತ್ತು, ಬೆರಳುಗಳನ್ನು ಅದಕ್ಕೇ ಹಚ್ಚಿಕೊಂಡು ಕೂತೆ. ಕೆಳಗೆ ಕೆರೆ ಕಾಣುತ್ತಿತ್ತು. ಇಳಿದು ನಡೆದು ಹೋಗಿಬಿಡೋಣ ಅನ್ನಿಸಿತು, ಎಲ್ಲಿಗೆ ಎಂಬುದು ಹೊಳೆಯಲಿಲ್ಲ. ಈ ಮೈಯನ್ನು ಕರೆದುಕೊಂಡೇ ತಾನೆ ಹೋಗಬೇಕು.

ಪರೀಕ್ಷೆ ಮಾಡುವ ತಜ್ಞೆಯ ಹೆಸರು ಪ್ರಜ್ಞಾ. ಉಡುಪಿ ಕಡೆಯವರು, ನನ್ನ ಹಳೆಯ ವಿದ್ಯಾರ್ಥಿನಿಯರಷ್ಟು ವಯಸ್ಸು. ಮಾತು ಪುಸ್ತಕದಷ್ಟು ಸ್ಪಷ್ಟ. ಎಕ್ಸ್‌ರೇ ಯಂತ್ರದ ಹಲಗೆಗೂ ಕ್ಯಾಮೆರಾದ ಪೆಟ್ಟಿಗೆಗೂ ನಡುವೆ ಒಂದು ಚಿಕ್ಕ ಪೀಠದ ಮೇಲೆ ಪಕ್ಕಕ್ಕೆ ತಿರುಗಿಸಿ ಕೂರಿಸಿದರು. ಅತ್ತಿತ್ತ ಅಲುಗಲು ಜಾಗವಿರಲಿಲ್ಲ. ಅವರು ಸೀಸದ ಏಪ್ರನ್ ತೊಟ್ಟು, ಮೊದಲು ಪರದೆಯ ಮೇಲೆ ಬೆಳ್ಳಗೆ ಕಾಣಿಸುವ, ಸುಣ್ಣದಂಥ ಬೇರಿಯಂ ನೀರನ್ನು ಚಮಚದಲ್ಲಿ ಕೊಟ್ಟರು. ಆಮೇಲೆ ಮೊಸರಿನಷ್ಟು ಗಟ್ಟಿಯದು. ಆಮೇಲೆ ನನ್ನ ಡಬ್ಬಿ ತೆರೆದು, ಮುದ್ದೆಯ ಚೂರಿಗೆ ಅದರದೇ ಬಿಳಿ ಪುಡಿ ಕಲಸಿದರು. ಅಗಿದು, ನಾನು ಹೇಳಿದಾಗ ನುಂಗಿ ಎಂದರು.

ನಾನು ಬಾಯಿಗೆ ಹಾಕಿಕೊಂಡ ಕೂಡಲೇ ನುಂಗಿದೆ.

‘ಇಲ್ಲ, ಇಲ್ಲ, ಅಗಿಯಿರಿ ಮೊದಲು.’

ಇನ್ನೊಂದು ಚೂರು. ಹಾಗೆಯೇ ಇಳಿಸಿದೆ. ನಲವತ್ತು ವರ್ಷದ ಅಭ್ಯಾಸ, ನಾಲಗೆ ಕೇಳಲಿಲ್ಲ. ಪ್ರಜ್ಞಾ ಪರದೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

‘ಮೇಡಂ, ನೀವು ಇದನ್ನು ಅಗಿಯುವುದೇ ಇಲ್ವಾ?’

‘ಮುದ್ದೆ ಯಾರ್ ಅಗೀತಾರೆ?’ ಎಂದೆ.

ಅವರು ಯಂತ್ರ ನಿಲ್ಲಿಸಿದರು. ಫೈಲು ತೆಗೆದು ಹಿಂದಕ್ಕೆ ಹಾಳೆ ತಿರುವಿ ಆ ಹಳೆಯ ಫಾರ್ಮ್ ನೋಡಿದರು. ಬೇರೆ ಏನನ್ನು ತಿನ್ನುತ್ತೀರಿ ಎಂದು ಮೊದಲ ಸಲ ಯಾರೋ ಕೇಳಿದ್ದು ಆಗ. ಚಪಾತಿ? ಅನ್ನ? ಹಣ್ಣು? ಬ್ರೆಡ್ಡು? ಒಂದೊಂದಕ್ಕೂ ಇಲ್ಲ ಇಲ್ಲ ಎನ್ನುತ್ತಾ ಹೋದೆ. ಎಂದಿನಿಂದ ಎಂದು ಕೇಳಿದರು. ಒಂದು ವರ್ಷವೋ ಒಂದೂವರೆಯೋ. ಅವರು ಬೈಯಲಿಲ್ಲ. ‘ನಮ್ಮ ಊರಲ್ಲಿ ಇದಿಲ್ಲ ಮೇಡಂ. ಗೊತ್ತಿದ್ದಿದ್ದರೆ ನಾನು ಬೇರೆ ಥರ ಕೇಳ್ತಿದ್ದೆ,’ ಎಂದರು. ಫಾರ್ಮಿನ ಪ್ರಶ್ನೆ ಅವರು ಬರೆದದ್ದಲ್ಲ, ನಾನು ಸೊನ್ನೆ ಹಾಕಿದಾಗ ಅವರು ಆ ಆಸ್ಪತ್ರೆಯಲ್ಲೇ ಇರಲಿಲ್ಲ. ಆದರೂ ತಪ್ಪು ತಮ್ಮದೆಂಬ ಹಾಗೆ ಹೇಳಿದರು. ಆ ದಿನದ ದಯೆಯಲ್ಲಿ ನನಗೆ ಸಂಶಯವಿಲ್ಲದೆ ನೆನಪಿರುವುದು ಇದೊಂದು.

ಆಮೇಲೆ ಮುನಿರಾಜು ಅವರನ್ನು ಒಳಗೆ ಕರೆದು ಪರದೆಯ ಮೇಲೆ ತೋರಿಸಿದರು. ಕಪ್ಪು ಬಿಳುಪಿನಲ್ಲಿ ನನ್ನ ದವಡೆ, ಕತ್ತಿನ ಎಲುಬು. ಚೂರು ಗಂಟಲನ್ನು ದಾಟುವವರೆಗೆ ಸರಿಯಾಗಿತ್ತು, ಶ್ವಾಸನಾಳದ ಬಾಗಿಲು ಮುಚ್ಚುತ್ತಿತ್ತು. ಅಲ್ಲಿಂದ ಕೆಳಗೆ ಅನ್ನನಾಳದಲ್ಲಿ ಬಿಳಿ ಕಂಬ ಹಾಗೇ ನಿಂತಿತ್ತು. ಒಂದು ಚೂರು ನಿಂತಿದೆ, ಅದರ ಮೇಲೆ ಇನ್ನೊಂದು. ಹಿಂದಿನಿಂದ ಸಾರು ಬಂದಾಗ ಮಾತ್ರ ಸ್ವಲ್ಪ ಜಾರುತ್ತದೆ. ಮುನಿರಾಜು ಬಗ್ಗಿ ಬಹಳ ಹೊತ್ತು ನೋಡಿದರು. ಅಂಗಡಿಯಲ್ಲಿ ಸೋರುವ ನಲ್ಲಿ ನೋಡುವಾಗಿನ ಮುಖ.

‘ಮೋಟ್ರು ಹೋಗಿದೆ,’ ಎಂದರು. ‘ಓವರ್‌ಹೆಡ್ ಟ್ಯಾಂಕ್ ಥರ ಬರೀ ಮೇಲಿಂದ ಕೆಳಕ್ಕೆ ತಾನಾಗೇ ಇಳೀತಾ ಇದೆ. ಅಲ್ವಾ ಮೇಡಂ?’

‘ಹೌದು ಸರ್. ಸರಿಯಾಗಿ ಹೇಳಿದಿರಿ.’

‘ಮಲಗಿದ್ರೆ ವಾಪಸ್ ಬರುತ್ತೆ.’

‘ಅದೇ. ಕೆಮ್ಮು ಅದರಿಂದ ಇರಬಹುದು.’

ಮುನಿರಾಜು ಹೊರಗೆ ಬಂದು ಕಾರಿಡಾರಿನ ಗೋಡೆಗೆ ಮುಖ ಮಾಡಿ ನಿಂತರು. ಆಗ ಅತ್ತರೆಂದು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಅವರು ಇಲ್ಲ ಅಂತಾರೆ, ಕಣ್ಣಿಗೆ ಏಸಿ ಗಾಳಿ ಹೊಡೆಯಿತಂತೆ.

ಇನ್ನೊಂದು ಪರೀಕ್ಷೆ ಬಾಕಿ ಇತ್ತು, ಮೂಗಿನಿಂದ ತೆಳುವಾದ ತಂತಿ ಇಳಿಸಿ ಅನ್ನನಾಳದ ಒತ್ತಡ ಅಳೆಯುವುದು. ಅದರ ಬಗ್ಗೆ ಬರೆಯುವುದಿಲ್ಲ. ಮೂಗಿನೊಳಗೆ ತಂತಿ ಇಳಿಯುವಾಗ ನನಗೆ ನೆನಪಾದವರು ಮಾವ, ಅಷ್ಟೇ ಸಾಕು. ಕೊನೆಗೆ ಡಾಕ್ಟರು ಕರೆದು ಹೇಳಿದರು: ಸದ್ಯಕ್ಕೆ ಟ್ಯೂಬ್ ಬೇಡ. ಬಾಯಿಯಿಂದಲೇ ಊಟ, ಆದರೆ ತೆಳುವಾಗಿ, ಸ್ವಲ್ಪ ಸ್ವಲ್ಪ, ನೆಟ್ಟಗೆ ಕೂತು. ಊಟವಾಗಿ ಮೂರು ಗಂಟೆ ಮಲಗುವಂತಿಲ್ಲ. ಮಂಚದ ತಲೆಯ ಕಡೆ ಎತ್ತರಿಸಬೇಕು. ಬಾಯಿ ತೆರೆಯುವ ವ್ಯಾಯಾಮ ದಿನಕ್ಕೆ ಮೂರು ಸಲ. ಮುದ್ದೆ ಇನ್ನು ಇಲ್ಲ. ಆರು ತಿಂಗಳಿಗೊಮ್ಮೆ ಫಾರ್ಮ್, ಪರೀಕ್ಷೆ. ಯಾವಾಗಲಾದರೂ ಕೆಟ್ಟರೆ ಮತ್ತೆ ಟ್ಯೂಬಿನ ಮಾತು ಬರುತ್ತದೆ. ಸದ್ಯಕ್ಕೆ ಎಂಬ ಆ ಪದದೊಳಗೆ ನಾನು ಈಗ ವಾಸವಾಗಿದ್ದೇನೆ.

ಸಂಜೆ ಮನೆಗೆ ಬಂದಾಗ ಅತ್ತೆ ಹೊಸಿಲಲ್ಲೇ ಕೂತಿದ್ದರು. ಪೈಪ್ ಇಲ್ಲ ಎಂದರು ಮುನಿರಾಜು, ಚಪ್ಪಲಿ ಬಿಡುವ ಮೊದಲೇ. ಮುದ್ದೆಯೂ ಇಲ್ಲ ಎಂದು ಸೇರಿಸಿದರು. ಅತ್ತೆ ಡಬ್ಬಿಯನ್ನು ಕೈಗೆ ತೆಗೆದುಕೊಂಡು, ಮುಚ್ಚಳ ತೆರೆದು, ಉಳಿದ ಮುದ್ದೆಯನ್ನು ಬೆರಳಲ್ಲಿ ಒತ್ತಿ ನೋಡಿದರು.

‘ಇದಕ್ಕಿಂತ ಮೆತ್ಗೆ ಕಟ್ಟಕ್ಕಾಗಲ್ಲ ಕಣವ್ವ,’ ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಅಡುಗೆಮನೆಗೆ ಹೋಗಿ, ಬೆನ್ನು ತಿರುಗಿಸಿಕೊಂಡೇ ಹೇಳಿದರು. ಹೋದ ಯುಗಾದಿಯಿಂದಲೇ ಅವರು ನನ್ನ ಮುದ್ದೆಯನ್ನು ಬೇರೆ ಕಟ್ಟುತ್ತಿದ್ದರಂತೆ. ಎಲ್ಲರದನ್ನೂ ಕಟ್ಟಿ, ಉಳಿದ ಹಿಟ್ಟಿಗೆ ಬಿಸಿನೀರು ಹಾಕಿ ಇನ್ನೊಮ್ಮೆ ತೊಳಸಿ ನನ್ನದು. ಪ್ರತಿ ತಿಂಗಳು ಒಂದೊಂದು ಚಮಚ ನೀರು ಹೆಚ್ಚು. ನಾನು ತಟ್ಟೆಯ ಮುಂದೆ ಎಷ್ಟು ಹೊತ್ತು ಕೂರುತ್ತೇನೆ, ಎಷ್ಟು ಸಲ ಎದೆ ಒತ್ತಿಕೊಳ್ಳುತ್ತೇನೆ, ಎಲ್ಲ ಅವರಿಗೆ ಗೊತ್ತಿತ್ತು.

‘ಯಾಕತ್ತೆ ಹೇಳ್ಲಿಲ್ಲ?’

‘ಯೋಳಿದ್ರೆ ನಿನ್ನ ಕರ್ಕೊಂಡೋಗಿ ಪೈಪ್ ಆಕ್ತಾರೆ ಅಂತ. ನೀನ್ಯಾಕೆ ಯೋಳ್ಲಿಲ್ಲ?’

ನಾನೂ ಅದಕ್ಕೇ. ಒಂದೇ ಭಯವನ್ನು ಇಬ್ಬರೂ ಒಬ್ಬರಿಂದೊಬ್ಬರು ಬಚ್ಚಿಟ್ಟಿದ್ದೆವು, ಎರಡು ಅಡಿ ದೂರದಲ್ಲಿ ಕೂತು ಉಣ್ಣುತ್ತಾ. ‘ಮುದ್ದೆ ಊಟ ಆಯಿತು’ ಎಂದು ನಾನು ದಿನವೂ ಬರೆದ ಸಾಕ್ಷಿಗೆ ಅತ್ತೆ ದಿನವೂ ನೀರು ಬೆರೆಸುತ್ತಿದ್ದರು. ಮುದ್ದೆ ಇಳಿಯುತ್ತಿದೆ ಎಂಬುದೊಂದೇ ನನ್ನ ಧೈರ್ಯವಾಗಿತ್ತು. ಅದು ಮುದ್ದೆಯೇ ಆಗಿರಲಿಲ್ಲ.

ಅತ್ತೆ ಆ ಉಳಿದ ಮುದ್ದೆಯ ಬಿಳಿ ಹತ್ತದ ಭಾಗವನ್ನು ಮುರಿದು, ಮಜ್ಜಿಗೆಗೆ ಹಾಕಿ, ಕಡಗೋಲಿನಲ್ಲಿ ಕಡೆದರು. ಉಪ್ಪು ಹಾಕಿದರು. ಬಟ್ಟೆಯಲ್ಲಿ ಶೋಧಿಸಲು ಹೋಗಿ ಕೈ ನಿಂತಿತು. ಅದೇ ಅಂಬಲಿ. ಇಬ್ಬರೂ ಅದನ್ನೇ ನೋಡಿದೆವು. ನನಗೆ ಬೇಡ ಎನ್ನಲು ಬಾಯಿ ತೆರೆಯಹೋದೆ. ನನ್ನ ಬಾಯಿ ಅಷ್ಟು ಬೇಗ ತೆರೆಯುವುದಿಲ್ಲ. ಅಷ್ಟರಲ್ಲಿ ಅತ್ತೆ ಬಟ್ಟೆಯನ್ನು ಆಚೆಗಿಟ್ಟು, ಎರಡು ಲೋಟಕ್ಕೆ ಹುಯ್ದು, ಒಂದನ್ನು ತಾವೇ ಗಟಗಟ ಕುಡಿದರು.

‘ಅವ್ರಿಗೆ ಪೈಪಲ್ಲಿ ಉಯ್ದೆ, ರುಚಿ ನೋಡಕ್ಕಾಗ್ಲಿಲ್ಲ ಅವ್ರಿಗೆ. ನಿಂಗೆ ಬಾಯೈತೆ, ಕುಡಿ.’

ಕುಡಿದೆ. ಉಪ್ಪು ಸ್ವಲ್ಪ ಜಾಸ್ತಿಯಾಗಿತ್ತು. ನೆಟ್ಟಗೆ ಕೂತು, ಗುಟುಕು ಗುಟುಕಾಗಿ, ಅರ್ಧ ಗಂಟೆ. ಮುನಿರಾಜು ಅಷ್ಟರಲ್ಲಿ ಹಿತ್ತಲಿನಿಂದ ಎರಡು ಸಿಮೆಂಟಿನ ಸಾಲಿಡ್ ಬ್ಲಾಕ್ ತಂದು ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಕೊಟ್ಟು, ಲೆವೆಲ್ ನೋಡುವ ಕೊಳವೆ ಇಟ್ಟು ಪರೀಕ್ಷಿಸಿದರು. ಅಂದಿನಿಂದ ನಾನು ಜಾರುವ ಮಂಚದ ಮೇಲೆ ಮಲಗುತ್ತೇನೆ. ಬೆಳಿಗ್ಗೆ ಕಾಲು ಮಂಚದ ಅಂಚು ತಾಗುತ್ತಿರುತ್ತದೆ.

ಮೊನ್ನೆ ಆರು ತಿಂಗಳ ಭೇಟಿ. ಈ ಸಲ ಅತ್ತೆ ತಾವೇ ಬರುತ್ತೇನೆಂದು ಹೊರಟರು. ಅದೇ ಕಬ್ಬಿಣದ ಕುರ್ಚಿ, ಅದೇ ಹತ್ತು ಪ್ರಶ್ನೆ. ಕೈಗವಸು ಬಿಚ್ಚಿ ಪೆನ್ನು ಹಿಡಿದೆ. ಗಟ್ಟಿ ಆಹಾರದ ಪ್ರಶ್ನೆಯ ಹತ್ತಿರ ಬಂದಾಗ ಕೈ ತಡೆಯಿತು. ಈಗ ನನಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತು, ಆದರೂ ತಡೆಯಿತು. ದೊಡ್ಡ ಅಂಕಿ ಹಾಕಿದರೆ ಎಲ್ಲಿಗೆ ಹೋಗುತ್ತದೆಂಬುದೂ ಗೊತ್ತಲ್ಲ. ಎರಡಕ್ಕೆ ಸುತ್ತು ಹಾಕಿದೆ. ಎರಡು ಎಂದರೆ ಮರ್ಯಾದೆಯ ಅಂಕಿ, ಸುಳ್ಳೂ ಅಲ್ಲ, ಭಯವೂ ಇಲ್ಲ.

ಅತ್ತೆಗೆ ಅಕ್ಷರ ಬಾರದು. ಅಂಕಿ ಬರುತ್ತದೆ, ಬಸ್ಸಿನ ನಂಬರಿನಿಂದ ಕಲಿತದ್ದು.

‘ಇದು ಏನು ಕೇಳಿರೋದು?’ ಎಂದರು ಬೆರಳಿಟ್ಟು.

‘ನುಂಗಕ್ಕೆ ಕಷ್ಟ ಆಗುತ್ತಾ ಅಂತ.’

‘ಎಲ್ಡಾ ಆಕಿರೋದು?’

‘ಹೂಂ.’

‘ಮೂರಾಕು. ಬಾನ್ವಾರ ಇಡ್ಲಿ ಎದೇಲಿ ಸಿಕ್ಕಾಕೊಂಡು ಬಾತ್‌ರೂಮಿಗೆ ಓಡೋದ್ಯಲ್ಲ, ನಾನು ನೋಡ್ಲಿಲ್ವಾ?’

ಆ ಭಾನುವಾರದ ಪುಟದಲ್ಲಿ ನಾನು ಬರೆದದ್ದು ‘ಇಡ್ಲಿ ತಿಂದೆ’ ಎಂದು. ಎರಡನ್ನು ಹೊಡೆದುಹಾಕಿ ಮೂರಕ್ಕೆ ಸುತ್ತು ಹಾಕಿದೆ. ಅತ್ತೆ ಬಗ್ಗಿ, ಮೂರೇ ಹೌದೆಂದು ನೋಡಿಕೊಂಡು, ಕೆಳಗಿನ ಸಾಲಿಗೆ ಬೆರಳಿಟ್ಟು, ‘ಇದೇನು ಕೇಳವ್ರೆ?’ ಎಂದರು.